ರಾಯಚೂರು ಕೋಟೆ: ಕಲ್ಲಿಗೆ ಬೆಲೆ ಕಟ್ಟಿದ ಊರು

ಮಂತ್ರಾಲಯಕ್ಕೆ ಹೋಗೋ ಎಷ್ಟೋ ಜನ ರಾಯಚೂರಿನಲ್ಲಿ ಬಸ್ ಬದಲಿಸಿ ಹಾಗೇ ಮುಂದೆ ಹೋಗಿಬಿಡುತ್ತಾರೆ. ನನಗಂತೂ ಇದು ಬೇಜಾರಿನ ವಿಷಯ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಿನ ಈ ನೆಲಕ್ಕಾಗಿ ವಿಜಯನಗರದವರು ಮೊದಲು ಬಹಮನಿ ಸುಲ್ತಾನರ ಜೊತೆ, ಆಮೇಲೆ ಬಿಜಾಪುರದ ಆದಿಲ್ ಶಾಹಿಗಳ ಜೊತೆ ತಲೆಮಾರುಗಟ್ಟಲೆ ಹೊಡೆದಾಡಿದರು.

ಬಿಸಿಲೇರುವ ಮೊದಲೇ ಕೋಟೆಗೆ ಹೋದೆವು. ಒಳಗೋಡೆಯ ದಪ್ಪ ಕಲ್ಲುಗಳ ನಡುವೆ ಗಾರೆಯೇ ಇಲ್ಲ. ಪಶ್ಚಿಮದ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ಕಾಲದ ಗೋರೆ ಗಂಗಯ್ಯ ರೆಡ್ಡಿ 1294ರಲ್ಲಿ ಕೋಟೆ ಕಟ್ಟಿಸಿದ ಅಂತ ಅದರ ಮೇಲೆ ತೆಲುಗು ಶಾಸನವಿದೆ. ಆ ಬಂಡೆಯನ್ನು ತಂದ ಬಗೆಯನ್ನೂ ಅಲ್ಲೇ ಕೊರೆದಿದ್ದಾರೆ: ಗಟ್ಟಿ ಗಾಲಿಯ ಬಂಡಿ, ಮುಂದೆ ಸಾಲುಸಾಲು ಕೋಣಗಳು, ಅವನ್ನು ಹುರಿದುಂಬಿಸುವವರು, ಗಾಲಿಗೆ ಮರದ ಸನ್ನೆಗೋಲು ಕೊಟ್ಟು ತಳ್ಳುವವರು. ರಾಜರ ಹೆಸರು ಎಲ್ಲ ಶಾಸನಗಳಲ್ಲೂ ಸಿಗುತ್ತದೆ. ಬೆವರು ಸುರಿಸಿದವರು ಹೀಗೆ ಕಣ್ಣಿಗೆ ಬೀಳೋದು ಅಪರೂಪ ಅಲ್ವಾ?

ಇಂಥ ಗೋಡೆಯನ್ನು 1520ರಲ್ಲಿ ಕಿತ್ತ ಕಥೆ ಇನ್ನೂ ಸ್ವಾರಸ್ಯ. ಮುತ್ತಿಗೆ ಹಾಕಿದ ಕೃಷ್ಣದೇವರಾಯ, ಗೋಡೆಯಿಂದ ಕಿತ್ತು ತಂದ ಕಲ್ಲುಗಳನ್ನು ದುಡ್ಡು ಕೊಟ್ಟು ಕೊಂಡನಂತೆ. ಗಾತ್ರ ನೋಡಿ ಒಂದೊಂದಕ್ಕೆ ಹತ್ತರಿಂದ ಐವತ್ತು ಪಣ! ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಇದನ್ನು ಬರೆದಿಟ್ಟಿದ್ದಾನೆ. ಮೇಲಿನಿಂದ ಬಾಣ, ಕಲ್ಲು ಸುರಿಯುತ್ತಿದ್ದಾಗ ಹಾರೆ ಹಿಡಿದು ಗೋಡೆಯ ಬುಡಕ್ಕೆ ಹೋಗೋದು ಸುಲಭವೇ? ಕೊನೆಗೆ ಪೋರ್ಚುಗೀಸ್ ಕೋವಿಗಾರರು ಗುರಿಯಿಟ್ಟು ಮೇಲಿದ್ದವರನ್ನು ಹಿಂದಕ್ಕೆ ಸರಿಸಿದರು. ಏನಾಗುತ್ತಿದೆ ಅಂತ ಬಗ್ಗಿ ನೋಡಿದ ಕೋಟೆಯ ಅಧಿಕಾರಿಯ ಹಣೆಗೇ ಗುಂಡು ಬಿತ್ತು. ಊರು ಶರಣಾಯಿತು.

ಆದರೆ ರಾಯ ತೀರಿಕೊಂಡ ಮೇಲೆ ಆದಿಲ್ ಶಾಹಿಗಳು ಅದನ್ನು ವಾಪಸ್ ಪಡೆದರು. ಮುಂದೆ ಮೊಘಲರು, ನಿಜಾಮರು, 1853ರಿಂದ ಕೆಲವು ವರ್ಷ ಬ್ರಿಟಿಷರು, ಮತ್ತೆ ನಿಜಾಮರು. ಕನ್ನಡನಾಡಿಗೆ ಸೇರಿದ್ದು 1956ರಲ್ಲಿ.

ಗಡಿಯಂತೂ ಇವತ್ತಿಗೂ ಪಕ್ಕದಲ್ಲೇ ಇದೆ. ಒಂದು ಕಡೆ ತೆಲಂಗಾಣ, ಇನ್ನೊಂದು ಕಡೆ ಆಂಧ್ರ. ಕೋಟೆ ಹತ್ತಿರ ಪೇರಲೆ ಮಾರುತ್ತಿದ್ದ ಅಜ್ಜಿ ನಮ್ಮ ಜೊತೆ ಕನ್ನಡ, ಪಕ್ಕದವರ ಜೊತೆ ತೆಲುಗು, ಆಟೋದವರ ಜೊತೆ ಉರ್ದು ಮಾತಾಡುತ್ತಾ, ಮೂರರಲ್ಲೂ ಒಂದೇ ಜೋರಿನಲ್ಲಿ ಚೌಕಾಸಿ ಮಾಡುತ್ತಿದ್ದರು.