ಒಂದು ‘ಎ’ ಹೆಚ್ಚಾಗಿ ಇಟ್ಟಿಗೆಯಾದ ಫೋನ್

ಶನಿವಾರ, ರಾತ್ರಿ 11

ಫೋನ್ ಸತ್ತಿದೆ. ಪವರ್ ಬಟನ್ ಎಷ್ಟು ಹೊತ್ತು ಅದುಮಿದರೂ ವೈಬ್ರೇಶನ್ ಇಲ್ಲ, ದೀಪ ಇಲ್ಲ, ಪರದೆಯಲ್ಲಿ ಒಂದು ಮಿಣುಕೂ ಇಲ್ಲ. ಕೊಂದವನು ನಾನೇ. ಹೇಗೆ ಕೊಂದೆ ಅನ್ನುವುದನ್ನು ಮರೆಯುವ ಮುಂಚೆ ಬರೆದಿಡುತ್ತೇನೆ.

ಇದು ರೆಡ್‌ಮಿ ನೋಟ್ 4. 2017ರ ಜನವರಿಯಲ್ಲಿ ಭಾರತಕ್ಕೆ ಬಂದ ಮಾಡೆಲ್. ಒಳಗೆ ಸ್ನಾಪ್‌ಡ್ರ್ಯಾಗನ್ 625 ಚಿಪ್, 4100 ಎಂಎಎಚ್ ಬ್ಯಾಟರಿ. ಫೋನಿನ ತಂತ್ರಾಂಶ ಬದಲಿಸುವ ಹುಚ್ಚು ಹಿಡಿದವರ ಬಾಯಲ್ಲಿ ಇದರ ಹೆಸರು ‘ಮಿಡೊ’. ಸಾಗರ ಪೇಟೆಯ ಹತ್ತಿರದ ನಮ್ಮ ಮನೆಯ ಕಪಾಟಿನಲ್ಲಿ ಎರಡು ವರ್ಷದಿಂದ ಬಿದ್ದುಕೊಂಡಿತ್ತು. ಅಪ್ಪಯ್ಯ ದಿನಾ ಬೆಳಗ್ಗೆ ಮಳೆಮಾಪಕ ನೋಡಿ ಡೈರಿಯಲ್ಲಿ ಬರೆಯುತ್ತಾರೆ. ಆ ಲೆಕ್ಕವನ್ನು ಮನೆಯ ವೈಫೈನಲ್ಲಿ ಯಾರು ಬೇಕಾದರೂ ತೆರೆದು ನೋಡುವ ಹಾಗೆ ಒಂದು ಚಿಕ್ಕ ಸರ್ವರ್ ಮಾಡಬೇಕು ಅಂತ ನನ್ನ ಆಸೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ತರಬಹುದಿತ್ತು. ಆದರೆ ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋದರೆ ಸುದ್ದಿಯಲ್ಲ, ಇದ್ದರೆ ಸುದ್ದಿ. ಹಳೆ ಫೋನ್ ಅಂದರೆ ಯುಪಿಎಸ್ ಹೊಟ್ಟೆಯಲ್ಲೇ ಇಟ್ಟುಕೊಂಡ ಸರ್ವರ್.

ಆಂಡ್ರಾಯ್ಡ್ ತೆಗೆದು ಪೋಸ್ಟ್‌ಮಾರ್ಕೆಟ್‌ಓಎಸ್ ಹಾಕುವ ಯೋಚನೆ. ಆಲ್ಪೈನ್ ಲಿನಕ್ಸ್ ಮೇಲೆ ಕಟ್ಟಿದ ವ್ಯವಸ್ಥೆ ಅದು, ಮಿಡೊ ಮೇಲೆ ಚೆನ್ನಾಗಿಯೇ ಓಡುತ್ತದೆ. ಅದಕ್ಕೆ ಮೊದಲು ಎಲ್‌ಕೆ2ಎನ್‌ಡಿ ಎಂಬ ಎರಡನೇ ಬೂಟ್‌ಲೋಡರನ್ನು (ಫೋನನ್ನು ಎಬ್ಬಿಸುವ ಪ್ರೋಗ್ರಾಂ) ‘ಬೂಟ್’ ಎಂಬ ಪಾರ್ಟಿಷನ್‌ಗೆ, ಅಂದರೆ ಮೆಮೊರಿಯ ಒಂದು ಭಾಗಕ್ಕೆ, ಬರೆಯಬೇಕು.

ಬೂಟ್‌ಗೆ. ಇಂಗ್ಲಿಷಿನಲ್ಲಿ ಮುಂದೊಂದು ‘ಎ’ ಇರುವ ಅಬೂಟ್‌ಗೆ ಅಲ್ಲ, ಅಲ್ಲಿರುವುದು ಫೋನಿನ ಮೂಲ ಬೂಟ್‌ಲೋಡರ್.

ಹಿಂದೊಮ್ಮೆ ಇದೇ ಫೋನಿಗೆ ಕಂಪನಿಯ ಫರ್ಮ್‌ವೇರನ್ನು, ಅಂದರೆ ಮೂಲ ತಂತ್ರಾಂಶವನ್ನು, ಒಂದೊಂದೇ ಪಾರ್ಟಿಷನ್ ಹಿಡಿದು ಕೈಯಾರೆ ಬರೆದಿದ್ದೆ. ಆ ಆದೇಶದ ಸಾಲುಗಳೆಲ್ಲ ಲ್ಯಾಪ್‌ಟಾಪಿನ ಟರ್ಮಿನಲ್‌ನ ನೆನಪಿನಲ್ಲಿ ಹಾಗೇ ಕೂತಿದ್ದವು. ಇವತ್ತು ಸೋಮಾರಿತನಕ್ಕೆ ಮೇಲ್ಬಾಣದ ಕೀ ಒತ್ತುತ್ತಾ ಹೋದೆ, ಹಳೆ ‘ಫಾಸ್ಟ್‌ಬೂಟ್ ಫ್ಲ್ಯಾಶ್ ಅಬೂಟ್’ ಸಾಲು (ಅಬೂಟ್‌ಗೆ ಬರೆ ಎಂಬ ಆದೇಶ) ಸಿಕ್ಕಿತು, ಕೊನೆಯಲ್ಲಿದ್ದ ಫೈಲ್‌ನ ಹೆಸರು ಮಾತ್ರ ಬದಲಿಸಿ ಎಂಟರ್ ಹೊಡೆದೆ. ಫೋನು ಒಂದು ಮಾತೂ ಕೇಳಲಿಲ್ಲ. ‘ಓಕೆ’ ಅಂತ ಉತ್ತರ ಬಂತು. ರೀಬೂಟ್ ಕೊಟ್ಟೆ. ಅಷ್ಟೆ.

ಭಾನುವಾರ, ಬೆಳಗ್ಗೆ

ರಾತ್ರಿಯೆಲ್ಲ ಚಾರ್ಜಿಗಿಟ್ಟೆ. ಬದಲಾವಣೆ ಇಲ್ಲ. ಲ್ಯಾಪ್‌ಟಾಪಿಗೆ ಚುಚ್ಚಿ ಸಿಕ್ಕಿಸಿದ ಸಾಧನಗಳ ಪಟ್ಟಿ ತೋರಿಸುವ ಎಲ್‌ಎಸ್‌ಯುಎಸ್‌ಬಿ ಆದೇಶ ಕೊಟ್ಟು ನೋಡಿದೆ. ಮೌಸ್ ಇದೆ, ಕ್ಯಾಮೆರಾ ಇದೆ, ಫೋನಿನ ಸುಳಿವೇ ಇಲ್ಲ.

ಇಲ್ಲಿ ಅವಸರ ಮಾಡಿದೆ. ಚಿಪ್ಪನ್ನು ತುರ್ತು ಡೌನ್‌ಲೋಡ್ ಸ್ಥಿತಿಗೆ, ಅಂದರೆ ಇಡಿಎಲ್‌ಗೆ, ತಳ್ಳಲು ಬೋರ್ಡಿನ ಮೇಲೆ ಟೆಸ್ಟ್ ಪಾಯಿಂಟ್ ಅಂತ ಎರಡು ಪುಟ್ಟ ಚುಕ್ಕೆ ಇರುತ್ತವೆ. ಅವನ್ನು ಚಿಮಟದಿಂದ ಕೂಡಿಸಬೇಕು ಅಂತ ಓದಿದ್ದೆ. ಸಿಮ್ ಟ್ರೇ ತೆಗೆದು, ಹಳೆ ಎಟಿಎಂ ಕಾರ್ಡನ್ನು ಸಂದಿನಲ್ಲಿ ತೂರಿಸಿ, ಹಿಂಬದಿ ಮುಚ್ಚಳ ಎಬ್ಬಿಸಿದೆ. ಬೆರಳಚ್ಚಿನ ಸೆನ್ಸರ್ ಇರುವುದು ಆ ಮುಚ್ಚಳದಲ್ಲೇ. ಅದರ ತೆಳು ಪಟ್ಟಿ ಬೋರ್ಡಿಗೆ ಸಿಕ್ಕಿಕೊಂಡಿರುತ್ತದೆ. ಮುಚ್ಚಳವನ್ನು ಪುಸ್ತಕದ ಹಾಳೆ ಮಗುಚಿದ ಹಾಗೆ ಎಳೆದಿದ್ದರೆ ಹರಿದೇ ಹೋಗುತ್ತಿತ್ತು. ಹರಿಯಲಿಲ್ಲ, ನನ್ನ ಪುಣ್ಯ.

ಅಪ್ಪಯ್ಯ ಕಾಫಿ ಲೋಟ ಹಿಡಿದು ಬಂದು, ಹರಡಿದ ಸ್ಕ್ರೂಗಳನ್ನು ನೋಡಿ, “ಎಂತಕ್ಕೆ ಬಿಚ್ಚಿದ್ದೋ? ನಿನ್ನೆ ಸರಿ ಇತ್ತಲ್ಲ” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಟೆಸ್ಟ್ ಪಾಯಿಂಟ್ ಬೇಕೇ ಇರಲಿಲ್ಲ ಅಂತ ಗೊತ್ತಾಗಿದ್ದು ಹನ್ನೊಂದು ಗಂಟೆಗೆ. ತಪ್ಪು ಇದ್ದದ್ದು ಕೇಬಲ್ಲಿನಲ್ಲಿ. ಮನೆಯಲ್ಲಿ ಎರಡು ಕಪ್ಪು ಮೈಕ್ರೋ ಯುಎಸ್‌ಬಿ ಕೇಬಲ್ ಇವೆ. ಒಂದು ಡೇಟಾ ಹೋಗುವಂಥದ್ದು, ಇನ್ನೊಂದು ಎಮರ್ಜೆನ್ಸಿ ದೀಪದ ಜೊತೆ ಬಂದದ್ದು, ಅದರೊಳಗೆ ಬರೀ ಚಾರ್ಜಿನ ತಂತಿ. ರಾತ್ರಿ ಚಾರ್ಜಿಗೆ ಹಾಕಿದ್ದ ಆ ಎರಡನೆಯದನ್ನೇ ಬೆಳಗ್ಗೆ ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದೆ. ಕೇಬಲ್ ಬದಲಿಸಿದ ಕೂಡಲೆ ಹೊಸ ಸಾಲು ಬಂತು: 05ಸಿ6:9008, ಕ್ವಾಲ್ಕಾಮ್, ಗೋಬಿ ವೈರ್‌ಲೆಸ್ ಮೋಡೆಮ್, ಕ್ಯೂಡಿಎಲ್ ಮೋಡ್.

ಇಡಿಎಲ್‌ನ ಗುರುತಾದ ಈ 9008 ನೋಡಿ ಆದ ಸಮಾಧಾನ ಅಷ್ಟಿಷ್ಟಲ್ಲ. ಈ ಫೋನು ಏಳುವುದು ಒಬ್ಬ ಇನ್ನೊಬ್ಬನನ್ನು ಎಬ್ಬಿಸುವ ಕ್ರಮದಲ್ಲಿ. ಮೊದಲು ಪಿಬಿಎಲ್. ಅದು ಚಿಪ್ಪಿನೊಳಗೇ ಕಾರ್ಖಾನೆಯಲ್ಲಿ ಅಚ್ಚಾಗಿರುವ ಕೋಡ್, ಅದನ್ನು ಅಳಿಸಲು ನನ್ನಂಥವನ ಕೈಲಿ ಆಗದು. ಅದು ಮೆಮೊರಿಯಲ್ಲಿರುವ ಎಸ್‌ಬಿಎಲ್1 ಎಂಬುದನ್ನು ಎಬ್ಬಿಸುತ್ತದೆ, ಅದು ಅಬೂಟನ್ನು, ಅಬೂಟು ಬೂಟ್ ಪಾರ್ಟಿಷನ್ನಿನಲ್ಲಿರುವ ಕರ್ನಲನ್ನು, ಅಂದರೆ ಆಂಡ್ರಾಯ್ಡಿನ ತಿರುಳನ್ನು. ಕೇಬಲ್ಲಿನಿಂದ ಆದೇಶ ಕೇಳುವ ಫಾಸ್ಟ್‌ಬೂಟ್ ಅನ್ನುವ ಪರದೆಯೂ ಅಬೂಟಿನದೇ. ಹಾಗಾಗಿ ಅಬೂಟ್ ಹೋದರೆ ಪರದೆಯೂ ಇಲ್ಲ, ಫಾಸ್ಟ್‌ಬೂಟೂ ಇಲ್ಲ, ನೋಡಿದವರಿಗೆ ಶುದ್ಧ ಇಟ್ಟಿಗೆ. ಆದರೆ ಮುಂದಿನವನು ಏಳದಿದ್ದಾಗ ಚಿಪ್ ತಾನಾಗಿ ಇಡಿಎಲ್‌ಗೆ ಬಿದ್ದು ಯುಎಸ್‌ಬಿ ಬಾಗಿಲಲ್ಲಿ ಕಾಯುತ್ತಿತ್ತು. ನಾನು ಬಾಗಿಲು ಬಿಟ್ಟು ಹೆಂಚು ತೆಗೆಯಲು ಹೋಗಿದ್ದೆ.

ಭಾನುವಾರ, ಮಧ್ಯಾಹ್ನ

ಇಡಿಎಲ್ ಜೊತೆ ಮಾತಾಡಲು ಇಡಿಎಲ್ ಎಂಬ ಹೆಸರಿನದೇ ಒಂದು ಪೈಥಾನ್ ಉಪಕರಣ ಇದೆ, ಮುಕ್ತ ತಂತ್ರಾಂಶ. ಹಾಕಿಕೊಂಡೆ. ಓಡಿಸಿದರೆ ಫೋನ್ ಸಿಕ್ಕಿತು ಅನ್ನುತ್ತದೆ, ಆಮೇಲೆ ಹಾಗೇ ನಿಂತುಬಿಡುತ್ತದೆ. ಬಿಚ್ಚಿ ಹಾಕಿದೆ, ಮತ್ತೆ ನಿಂತಿತು. ಪೋರ್ಟು ಸಡಿಲ, ಅದಕ್ಕೇ ಇರಬೇಕು ಅಂದುಕೊಂಡು ಕೇಬಲ್ಲಿನ ಕೆಳಗೆ ಬೆಂಕಿಪೊಟ್ಟಣ ಕೊಟ್ಟು ಕೂರಿಸಿದೆ. ಆಗಲೂ ಅದೇ ಕಥೆ.

ಉತ್ತರ ಬೆಳಗಿನ ಸಾಲಿನಲ್ಲೇ ಇತ್ತು. ‘ಮೋಡೆಮ್’ ಅಂತ ಬಂದಿತ್ತಲ್ಲ? ನನ್ನ ಲಿನಕ್ಸ್ ಕೂಡ ಅದನ್ನು ಇಂಟರ್ನೆಟ್ ಡಾಂಗಲ್ ಅಂತಲೇ ನಂಬಿತ್ತು. ಹಿನ್ನೆಲೆಯಲ್ಲಿ ಓಡುವ ಮೋಡೆಮ್‌ಮ್ಯಾನೇಜರ್, ಫೋನು ಸಿಕ್ಕಿಸಿದ ತಕ್ಷಣ ನಾನು ಬಾಯಿ ತೆರೆಯುವ ಮೊದಲೇ ಅದರ ಜೊತೆ ಮೋಡೆಮ್ ಭಾಷೆಯಲ್ಲಿ ಹರಟೆಗೆ ಕೂರುತ್ತಿತ್ತು. ಚಿಪ್ಪಿಗೆ ಬರುವುದು ಸಹಾರಾ ಎಂಬ ಬೇರೆಯೇ ಭಾಷೆ. ಮೊದಲ ನಮಸ್ಕಾರವೇ ಕೆಟ್ಟರೆ ಅದು ಗರ ಬಡಿದ ಹಾಗೆ ಕೂತುಬಿಡುತ್ತದೆ. ಮೋಡೆಮ್‌ಮ್ಯಾನೇಜರ್ ನಿಲ್ಲಿಸಿ, ಬಿಚ್ಚಿಯೇ ಇದ್ದ ಫೋನಿನ ಬ್ಯಾಟರಿ ಕನೆಕ್ಟರ್ ತೆಗೆದು ಹಾಕಿ, ಮತ್ತೆ ಸಿಕ್ಕಿಸಿದೆ. ಈ ಸಲ ಸರಿಯಾಗಿ ಮಾತಾಡಿತು. ಮುಚ್ಚಳ ಬಿಚ್ಚಿದ್ದು ಪೂರ್ತಿ ದಂಡವಾಗಲಿಲ್ಲ ಅಂತ ಅಷ್ಟಕ್ಕೇ ಖುಷಿಪಟ್ಟೆ.

ಮುಂದಿನ ತೊಡಕು ಲೋಡರ್. ಪಿಬಿಎಲ್‌ಗೆ ಮೆಮೊರಿಗೆ ಬರೆಯಲು ಬರುವುದಿಲ್ಲ. ಬರೆಯಲು ಬಲ್ಲ ಒಂದು ಚಿಕ್ಕ ಪ್ರೋಗ್ರಾಂ, ಹೆಸರು ಫೈರ್‌ಹೋಸ್, ಅದನ್ನು ಸಹಾರಾ ಮೂಲಕ ನಾವೇ ಕಳಿಸಬೇಕು. ಫರ್ಮ್‌ವೇರಿನ ಜೊತೆ ಬಂದ ಲೋಡರ್ ನನ್ನ ಹತ್ತಿರ ಇದ್ದದ್ದು ಹೌದು, ಡಿಸ್ಕಿನಲ್ಲಿ ಜಾಗ ಇಲ್ಲ ಅಂತ ಹೋದ ತಿಂಗಳು ಆ ಇಡೀ ಫೋಲ್ಡರ್ ಅಳಿಸಿದ್ದೆ. ಊರಿನ ನೆಟ್‌ನಲ್ಲಿ ಜಿಬಿಗಟ್ಟಲೆ ಫೈಲ್ ಇಳಿಸುವ ಮಾತೇ ಇಲ್ಲ. ಇದೇ 625 ಚಿಪ್ ಇರುವ ಇನ್ನೊಂದು ಕಂಪನಿಯ ಫೋನಿನ ಲೋಡರ್ ಸಿಕ್ಕಿತು, ಪುಟ್ಟ ಫೈಲು. ಕಳಿಸಿದೆ. ತಿರಸ್ಕಾರ.

ಅದು ತಿರಸ್ಕರಿಸಿದ್ದು ಸರಿಯೇ. ಚಿಪ್ ಒಂದೇ ಆದರೂ ಪ್ರತಿ ಕಂಪನಿ ತನ್ನ ಕೀಲಿಯ ಗುರುತನ್ನು ಕಾರ್ಖಾನೆಯಲ್ಲೇ ಚಿಪ್ಪಿನೊಳಗೆ ಸುಟ್ಟಿರುತ್ತದೆ. ಆ ಕೀಲಿಯ ಸಹಿ ಇಲ್ಲದ ಲೋಡರನ್ನು ಪಿಬಿಎಲ್ ಒಳಗೆ ಬಿಡುವುದಿಲ್ಲ. ಬಿಟ್ಟಿದ್ದರೆ ಕದ್ದ ಫೋನನ್ನು ಯಾರು ಬೇಕಾದರೂ ಒಂದು ಕೇಬಲ್ಲಿನಲ್ಲಿ ಬಗೆದು ಓದಬಹುದಿತ್ತು.

ಬ್ಯಾಟರಿ ಕನೆಕ್ಟರ್ ತೆಗೆದಿಟ್ಟೆ. ಇಡಿಎಲ್‌ನಲ್ಲಿ ಬಿಟ್ಟರೆ ಚಾರ್ಜ್ ಸುಮ್ಮನೆ ಸೋರುತ್ತದೆ. ಸ್ಕ್ರೂಗಳು ಮಾತ್ರೆ ಡಬ್ಬಿಯಲ್ಲಿ, ಫೋನು ಟವೆಲ್ಲಿನಲ್ಲಿ, ರಾತ್ರಿ ಬಸ್ಸಿಗೆ ಬೆಂಗಳೂರು.

ಸೋಮವಾರ, ಮಂಗಳವಾರ

ಕೆಲಸ. ಫರ್ಮ್‌ವೇರಿನ ಡೌನ್‌ಲೋಡ್ ಮಾತ್ರ ಆಯಿತು.

ಬುಧವಾರ, ರಾತ್ರಿ

ಫರ್ಮ್‌ವೇರ್ ಬಿಚ್ಚಿದರೆ ಇಮೇಜಸ್ ಎಂಬ ಫೋಲ್ಡರಿನಲ್ಲಿ ಬೇಕಾದ್ದೆಲ್ಲ ಇತ್ತು. ಹೆಸರಲ್ಲೇ 8953 ಅಂತಿರುವ ಫೈರ್‌ಹೋಸ್ ಲೋಡರ್ (625ರ ಒಳಗಿನ ಹೆಸರು ಎಂಎಸ್‌ಎಂ8953), ಯಾವ ಫೈಲ್ ಯಾವ ಸೆಕ್ಟರಿನಿಂದ ಶುರು ಅಂತ ಹೇಳುವ ರಾಪ್ರೋಗ್ರಾಂ0 ಪಟ್ಟಿ, ಮತ್ತೆ ನನಗೆ ಬೇಕಾದ ಅಬೂಟಿನ ಫೈಲು.

ಇಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ವಿಂಡೋಸ್‌ನಲ್ಲಿ ಕಂಪನಿಯದೇ ಉಪಕರಣ ಮಿಫ್ಲ್ಯಾಶ್ ತೆರೆ, ಫೋಲ್ಡರ್ ತೋರಿಸು, ಎಲ್ಲವನ್ನೂ ಬರೆ. ನನಗೆ ಅದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ ಕಾಣುತ್ತದೆ. ಕೆಟ್ಟಿರುವುದು ಒಂದು ಎಂಬಿ ಆಸುಪಾಸಿನ ಒಂದು ಪಾರ್ಟಿಷನ್. ಅದಕ್ಕಾಗಿ ಒಳಗಿರುವ ಫೋಟೊಗಳನ್ನೆಲ್ಲ ಯಾಕೆ ಅಳಿಸಬೇಕು? ಮಿಫ್ಲ್ಯಾಶಿನ ಕೆಳಗಡೆ ಎಲ್ಲ ಅಳಿಸಿ ಬೂಟ್‌ಲೋಡರಿಗೂ ಬೀಗ ಹಾಕುವ ಆಯ್ಕೆ ಬೇರೆ ಇದೆ. ನೋಡದೆ ಒತ್ತಿದವರಿಗೆ ಬೀಗ ತೆಗೆಸುವ ಕೆಲಸ ಮತ್ತೆ ಮೊದಲಿಂದ.

ಲೋಡರ್ ಕಳಿಸಿದೆ. ಒಪ್ಪಿತು. ಪಾರ್ಟಿಷನ್ ಪಟ್ಟಿ ಕೇಳಿದೆ, ಪರದೆ ತುಂಬ ಉದ್ದಕ್ಕೆ ಬಂತು, ಎಲ್ಲ ಜಾಗದಲ್ಲೇ ಇದೆ. ಬರೆಯುವ ಮೊದಲು ಓದಿಟ್ಟುಕೊಂಡದ್ದು ನಾಲ್ಕು: ಮೋಡೆಮ್‌ಎಸ್‌ಟಿ1, ಮೋಡೆಮ್‌ಎಸ್‌ಟಿ2, ಎಫ್‌ಎಸ್‌ಜಿ, ಪರ್ಸಿಸ್ಟ್. ಮೊದಲ ಮೂರರಲ್ಲಿ ಐಎಂಇಐ (ಪ್ರತಿ ಫೋನಿನ ಗುರುತಿನ ಸಂಖ್ಯೆ) ಮತ್ತು ರೇಡಿಯೊ ಸಂಬಂಧದ ಲೆಕ್ಕಗಳು, ಪರ್ಸಿಸ್ಟ್‌ನಲ್ಲಿ ಸೆನ್ಸರ್‌ಗಳದ್ದು. ಇವು ಪ್ರತಿ ಫೋನಿಗೂ ಬೇರೆಬೇರೆ, ಹೋದರೆ ಯಾವ ಫರ್ಮ್‌ವೇರಿನಲ್ಲೂ ಸಿಗುವುದಿಲ್ಲ. ಐಎಂಇಐ ಹೋದವರಿಗೆ “ಹೊಸದು ಬರೆದುಕೊಡ್ತೀವಿ” ಅನ್ನುವವರು ಸಿಗಬಹುದು. ಐಎಂಇಐ ತಿದ್ದುವುದು ನಮ್ಮಲ್ಲಿ ಅಪರಾಧ, 2017ರಲ್ಲೇ ಅದಕ್ಕೆಂದು ನಿಯಮ ಬಂದಿದೆ. ನಾಲ್ಕು ಫೈಲ್ ಓದಿಟ್ಟುಕೊಳ್ಳುವುದು ಎಷ್ಟೋ ಹಗುರ.

ಕುತೂಹಲಕ್ಕೆ ಕೆಟ್ಟ ಅಬೂಟನ್ನೂ ಓದಿ, ಬೈಟ್ ಬೈಟಾಗಿ ತೋರಿಸುವ ಹೆಕ್ಸ್‌ನಲ್ಲಿ ತೆರೆದೆ. ಮೊದಲ ಎಂಟು ಬೈಟ್‌ಗಳಲ್ಲೇ ಸಾಕ್ಷಿ: ‘ಆಂಡ್ರಾಯ್ಡ್’ ಎಂಬ ಏಳು ಇಂಗ್ಲಿಷ್ ಅಕ್ಷರ, ಮೇಲೊಂದು ಆಶ್ಚರ್ಯಸೂಚಕ ಚಿಹ್ನೆ. ಬೂಟ್ ಇಮೇಜಿನ ಹಣೆಬರಹ ಅದು, ಅಬೂಟಿನ ಹಣೆಯ ಮೇಲೆ ಕೂತಿತ್ತು. ಆ ಆಶ್ಚರ್ಯಸೂಚಕ ನನ್ನನ್ನೇ ನೋಡಿ ನಗುತ್ತಿದ್ದ ಹಾಗಿತ್ತು.

ಪಟ್ಟಿಯಲ್ಲಿ ಅಬೂಟ್‌ಬ್ಯಾಕ್ ಅಂತ ಇನ್ನೊಂದು ಕಂಡಿತು, ಅಬೂಟಿನ ಮೀಸಲು ಪ್ರತಿ. ಅದನ್ನೂ ಓದಿ, ಇಳಿಸಿದ ಫೈಲಿನ ಉದ್ದದಷ್ಟು ಹೋಲಿಸಿದೆ. ತದ್ರೂಪು! ಮದ್ದು ಫೋನಿನೊಳಗೇ ಇತ್ತು. ಆದರೆ ಅದನ್ನು ಓದಲೂ ಲೋಡರ್ ಬೇಕಿತ್ತು, ಆ ಲೋಡರ್ ಇದ್ದದ್ದು ನಾನು ಅಳಿಸಿದ ಫೋಲ್ಡರಿನಲ್ಲಿ.

ಅಬೂಟ್ ಬರೆಯುವ ಸಾಲನ್ನು ಈ ಸಲ ಒಂದೊಂದೇ ಅಕ್ಷರ ಟೈಪ್ ಮಾಡಿದೆ, ಮೇಲ್ಬಾಣದ ಕೀ ಮುಟ್ಟಲಿಲ್ಲ. ಎಂಟರ್ ಒತ್ತಿ ನೀರು ಕುಡಿಯಲು ಲೋಟ ಎತ್ತುವಷ್ಟರಲ್ಲಿ ಬರೆದು ಮುಗಿದಿತ್ತು. ಸುಮ್ಮನೆ ಇರಲಾರದೆ ವಾಪಸ್ ಓದಿ ಹೋಲಿಸಿದೆ, ಸರಿ ಇದೆ. ರೀಸೆಟ್ ಕೊಟ್ಟೆ.

ಟೇಬಲ್ಲಿನ ಮೇಲೆ ಫೋನು ಗುರ್ ಅಂತು. ಮುಚ್ಚಳ ಸರಿಯಾಗಿ ಕೂತಿರಲಿಲ್ಲ, ಅದೂ ಸೇರಿ ಗಡಗಡ ಅಂದಿತು. ಲೋಗೊ ಬಂತು. ಆಮೇಲೆ ಹಳೆ ವಾಲ್‌ಪೇಪರ್, ಮನೆ ಹಿಂದಿನ ತೋಟದ್ದು, ಏನೂ ಆಗಿಲ್ಲವೇನೋ ಎಂಬಂತೆ. ಡಯಲರ್‌ನಲ್ಲಿ ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿದೆ. ಎರಡೂ ಐಎಂಇಐ ಬಂದವು, ಡಬ್ಬದ ಮೇಲಿನ ಚೀಟಿಯ ಫೋಟೊ ಇಟ್ಟುಕೊಂಡಿದ್ದೆ, ಅಂಕಿ ಅಂಕಿ ಹೊಂದುತ್ತಿತ್ತು.

ಇದೇ ಕ್ರಮ ಎಲ್ಲ ಫೋನಿಗೂ ನಡೆಯುವುದಿಲ್ಲ ಅನ್ನುವುದನ್ನೂ ಬರೆದಿಡುತ್ತೇನೆ. ಆಮೇಲೆ ಬಂದ ಹಲವು ಮಾಡೆಲ್‌ಗಳಲ್ಲಿ ಇಡಿಎಲ್‌ನಲ್ಲಿ ಬರೆಯಲು ಕಂಪನಿ ಒಪ್ಪಿದ ಖಾತೆಯೇ ಬೇಕು. 2018ರ ಹೊತ್ತಿಗೆ ಬಂದ ಆಂಟಿ-ರೋಲ್‌ಬ್ಯಾಕ್ ಇರುವವುಗಳಲ್ಲಿ ಹಳೆ ಫರ್ಮ್‌ವೇರಿಗೆ ಇಳಿಯಲು ಹೋದರೆ ಅದರಿಂದಲೇ ಇಟ್ಟಿಗೆಯಾಗುತ್ತದೆ. ಮಿಡೊ ನನ್ನ ಜೊತೆ ಸಡಿಲವಾಗಿ ನಡೆದುಕೊಂಡಿತು.

ಮುಂದಿನ ಶನಿವಾರ, ಸಾಗರ

ಫೋಟೊಗಳನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಎಲ್‌ಕೆ2ಎನ್‌ಡಿಯನ್ನು ಬೂಟ್‌ಗೆ ಬರೆದೆ. ಎಂಟರ್ ಒತ್ತುವ ಮುಂಚೆ ಸಾಲನ್ನು ಗಟ್ಟಿಯಾಗಿ ಓದಿದೆ. ಅಮ್ಮ ಒಳಗಿಂದ “ಯಾರ ಹತ್ತಿರ ಮಾತಾಡ್ತಿದ್ದೀಯೋ?” ಅಂದಳು.

ಆಮೇಲಿನದ್ದು ಸಲೀಸು. ಪೋಸ್ಟ್‌ಮಾರ್ಕೆಟ್‌ಓಎಸ್ ಹತ್ತಿತು, ಯುಎಸ್‌ಬಿ ಮೇಲೆ 172.16.42.1ಕ್ಕೆ ಎಸ್‌ಎಸ್‌ಎಚ್ ಮಾಡಿದರೆ (ಲ್ಯಾಪ್‌ಟಾಪಿನಿಂದ ಲಾಗಿನ್ ಆದರೆ) ಒಳಗೆ ಬಿಟ್ಟಿತು, ವೈಫೈ ಹಿಡಿಯಿತು. ಡೈರಿಯ ಜೂನ್ ತಿಂಗಳ ಪುಟಗಳನ್ನು ಅಪ್ಪಯ್ಯ ಓದಿದರು, ನಾನು ಟೈಪ್ ಮಾಡಿದೆ. ಸಂಜೆ ನಾಲ್ಕಕ್ಕೆ ಕರೆಂಟ್ ಹೋಯಿತು. ಫೋನು ಎದ್ದೇ ಇತ್ತು, ರೂಟರ್ ಆರಿಹೋಗಿ ಪುಟ ತೆರೆಯಲಿಲ್ಲ. ಇದನ್ನು ಯೋಚಿಸಿಯೇ ಇರಲಿಲ್ಲ.

ಅಪ್ಪಯ್ಯ ಡೈರಿ ಮಡಚಿ, “ಇದು ತೆರೀತದೆ ನೋಡು” ಅಂದರು.

ಬಾಕಿ ಇರುವುದು: ರೂಟರಿಗೊಂದು ಬ್ಯಾಟರಿ ವ್ಯವಸ್ಥೆ. ಸಡಿಲ ಯುಎಸ್‌ಬಿ ಪೋರ್ಟ್ ಬದಲಿಸಬೇಕು, ಪೇಟೆಯ ಅಂಗಡಿಯಲ್ಲಿ 250 ರೂಪಾಯಿ ಹೇಳಿದ್ದಾರೆ. ಸದಾ ಚಾರ್ಜರಿನಲ್ಲೇ ಇದ್ದರೆ ಈ ಹಳೆ ಬ್ಯಾಟರಿ ಉಬ್ಬಬಹುದು, ಅದಕ್ಕೆ ಸದ್ಯ ದಿನಕ್ಕೆರಡು ಗಂಟೆ ಮಾತ್ರ ಕರೆಂಟ್ ಬಿಡುವ ಟೈಮರ್ ಪ್ಲಗ್ ಹಾಕಿದ್ದೇನೆ. ಮಾತ್ರೆ ಡಬ್ಬಿಯಲ್ಲಿ ಒಂದು ಸ್ಕ್ರೂ ಉಳಿದುಕೊಂಡಿದೆ, ಎಲ್ಲಿಯದೋ ಹುಡುಕಬೇಕು.