ಸಾಕಲ್ವಾ ಅಂತ ಕೇಳಿದ್ದಕ್ಕೆ

ಶಿರಸಿ ಸೀಮೆಯ ಒಂದು ಸಣ್ಣ ಸಹಕಾರಿ ಸಂಘದಲ್ಲಿ ನಾನು ಸೆಕ್ರೆಟರಿ. ಕಾಗದದ ಮೇಲೆ ಮುಖ್ಯ ಕಾರ್ಯನಿರ್ವಾಹಕ ಅಂತಿದೆ. ಊರಲ್ಲಿ ಹಾಗೆ ಕರೆದವರನ್ನು ನಾನಂತೂ ನೋಡಿಲ್ಲ. ಒಂಬತ್ತು ಜನ ಸಿಬ್ಬಂದಿ. ಸಾಲ, ಠೇವಣಿ, ರೇಷನ್, ಗೊಬ್ಬರ, ತೋಟದ ಔಷಧಿ ಎಲ್ಲ ಒಂದೇ ಸೂರಿನಡಿ. ಪ್ರತಿ ಸೋಮವಾರ ಬೆಳಿಗ್ಗೆ ಮೀಟಿಂಗ್.

ಹತ್ತಕ್ಕೆ ಶುರು. ಹತ್ತೂವರೆಗೆ ಕಷಾಯ. ಆಮೇಲೆ ಕವಳದ, ಅಂದರೆ ಎಲೆಯಡಿಕೆಯ ಬಟ್ಟಲು ಒಂದು ಸುತ್ತು. ನಾನು ಮಾತಾಡುವುದು, ಉಳಿದವರು ತಲೆ ಆಡಿಸುವುದು. ಹೊರಗೆ ಪಾಸ್‌ಬುಕ್ ಹಿಡಿದು ಕೂತವರು ಬಾಗಿಲು ನೋಡುತ್ತಿರುತ್ತಿದ್ದರು. ಹನ್ನೊಂದೂವರೆಗೆ ಎದ್ದಾಗ ನನಗೆ ಒಂಥರಾ ಖುಷಿ. ಯಾರೂ ಎದುರು ಹೇಳಲಿಲ್ಲ ಅಂದರೆ ಎಲ್ಲ ಸರಿಯಾಗಿದೆ ಅಂತಲೇ ಅಲ್ವಾ?

ಆ ಖುಷಿ ಇಳಿಸಿದ್ದು ಮೈಲುತುತ್ತ.

ಘಟ್ಟದ ಮೇಲಿನವರಿಗೆ ಇದನ್ನು ಹೇಳಬೇಕಿಲ್ಲ, ಬೇರೆ ಕಡೆಯವರಿಗಾಗಿ ಬರೆಯುತ್ತೇನೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಂದರೆ ಎಳೆಕಾಯಿ ಕೊಳೆತು ಉದುರುತ್ತದೆ. ಅದಕ್ಕೆ ಮಳೆ ಹಿಡಿಯುವ ಮೊದಲು ಒಮ್ಮೆ, ಮತ್ತೆ 40–45 ದಿನ ಬಿಟ್ಟು ಇನ್ನೊಮ್ಮೆ ಬೋರ್ಡೋ ಅನ್ನುವ ದ್ರಾವಣ ಹೊಡೆಯಬೇಕು. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಕಲಸಿದ ದಿನವೇ ಹೊಡೆದು ಮುಗಿಸಬೇಕು. ಮರ ಹತ್ತುವವರು ಸಿಗುವುದೇ ಕಷ್ಟ. ಅವರು ಸಿಕ್ಕು, ಮಳೆಯೂ ಹೊಳವಾದ ದಿನ ಸೊಸೈಟಿಯಲ್ಲಿ ತುತ್ತ ಇಲ್ಲ ಅಂದರೆ ಸದಸ್ಯರು ಏನು ಬೈಯುತ್ತಾರೋ ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆ ವರ್ಷದ ಮೇ ತಿಂಗಳ ಮೀಟಿಂಗ್‌ನಲ್ಲಿ ನಾನು ಕೇಳಿದೆ, "ತುತ್ತ ಹೋದ ವರ್ಷದಷ್ಟೇ, 40 ಕ್ವಿಂಟಲ್ ತರಿಸಿದರೆ ಸಾಕಲ್ವಾ?" ಎಲ್ಲರೂ ಸಾಕು ಅಂದರು. ಗೋದಾಮು ನೋಡಿಕೊಳ್ಳುವ ಭಾವನ ಬಾಯಿತುಂಬ ಕವಳ. ಅವರು "ಹೂಂ" ಅಂದರು. (ಅವರು ನನಗೆ ಭಾವ ಆಗಬೇಕಿಲ್ಲ, ಇಡೀ ಆಫೀಸಿಗೇ ಭಾವ.) ಎರಡು ನಿಮಿಷದಲ್ಲಿ ವಿಷಯ ಮುಗಿಯಿತು. ಜಾತ್ರೆ ವರ್ಷದಲ್ಲಿ ರಜೆ ಹಂಚುವುದಕ್ಕೇ ಅರ್ಧ ಗಂಟೆ ಬೇಕು, ಇದಕ್ಕೆ ಎರಡು ನಿಮಿಷ.

ಜೂನ್ ಎರಡನೇ ವಾರ ಸ್ಟಾಕ್ ಖಾಲಿ. ಲಾರಿ ಬರುವುದು ಇನ್ನೂ ಐದು ದಿನ. ಭಾವನ ಮೇಲೆ ರೇಗಿದೆ. "ನಿಮಗೆ ಗೊತ್ತಿತ್ತಲ್ಲ, ಮೀಟಿಂಗ್‌ನಲ್ಲಿ ಯಾಕೆ ಹೇಳಲಿಲ್ಲ?"

ಅವರು ಹೊರಗೆ ಹೋಗಿ ಕವಳ ಉಗಿದು ಬಂದು ಹೇಳಿದರು, "ನೀವು ಸಾಕಲ್ವಾ ಅಂತ ಕೇಳಿದ್ರಿ. ಸಾಕಾ ಅಂತ ಕೇಳಲಿಲ್ಲ."

ಆಮೇಲೆ ನಿಧಾನಕ್ಕೆ ಒಂದೊಂದೇ ಹೇಳಿದರು. ಐದಾರು ವರ್ಷದ ಹಿಂದೆ ಗದ್ದೆಯನ್ನು ತೋಟ ಮಾಡಿದವರ ಮರಗಳು ಈಗ ಫಸಲಿಗೆ ಬಂದಿವೆ. ಹೋದ ವರ್ಷ ಕೊಳೆ ಜಾಸ್ತಿಯಾಗಿತ್ತು, ಹಾಗಾಗಿ ಈ ಸಲ ಹೆದರಿ ಎಲ್ಲರೂ ಬೇಗ ಒಯ್ಯುತ್ತಿದ್ದಾರೆ. ಯಾವ ಕೇರಿಯವರು ಎಷ್ಟು ಒಯ್ಯುತ್ತಾರೆ ಅನ್ನುವುದು ಅವರಿಗೆ ಬಾಯಿಪಾಠ. ನನ್ನ ಹತ್ತಿರ ಇದ್ದದ್ದು ಹೋದ ವರ್ಷದ ರಿಜಿಸ್ಟರ್ ಒಂದೇ.

ಉಪಾಯ ಸಿಕ್ಕಿದ್ದು ಅಡಿಕೆ ಟೆಂಡರ್‌ನಲ್ಲಿ. ಶಿರಸಿ ಮಾರುಕಟ್ಟೆಯಲ್ಲಿ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಅಂತ ಲಾಟ್ ಮಾಡಿ ಇಟ್ಟಿರುತ್ತಾರೆ. ವ್ಯಾಪಾರಸ್ಥರು ಒಂದು ಹಿಡಿ ಎತ್ತುತ್ತಾರೆ, ಒಂದು ಅಡಿಕೆ ಒಡೆದು ಒಳಗೆ ನೋಡುತ್ತಾರೆ, ಪಕ್ಕದವರ ಹತ್ತಿರ ಮಳೆಯಿಂದ ಮಗಳ ಮದುವೆವರೆಗೆ ಎಲ್ಲ ಮಾತಾಡುತ್ತಾರೆ. ದರ ಮಾತ್ರ ಬಾಯಿ ಬಿಡುವುದಿಲ್ಲ. ಈಗ ಕಂಪ್ಯೂಟರ್ ಬಂದಿದೆ, ನಾನು ಕೆಲಸಕ್ಕೆ ಸೇರಿದಾಗ ದರವನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. ಕೂಗುವ ಹರಾಜಿನಲ್ಲಾದರೆ ಮೊದಲು ಕೂಗಿದವನ ದರವನ್ನೇ ಹಿಡಿದು ಉಳಿದವರು ಅಷ್ಟಿಷ್ಟು ಸೇರಿಸುತ್ತಾ ಹೋಗುತ್ತಾರೆ. ನಮ್ಮ ಮೀಟಿಂಗ್‌ನಲ್ಲಿ ಮೊದಲು ಕೂಗುತ್ತಿದ್ದವನು ನಾನು. ಸೇರಿಸುವವರು ಯಾರೂ ಇರಲಿಲ್ಲ.

ಮುಂದಿನ ಸೋಮವಾರದಿಂದ ಚೀಟಿ ಶುರು ಮಾಡಿದೆ. ಹಳೇ ರಸೀದಿ ಪುಸ್ತಕದ ಹಿಂಬದಿ, ಅಂಗೈ ಅಗಲದ ತುಂಡು. ಪ್ರಶ್ನೆಯನ್ನು ನಾನು ಬೋರ್ಡಿನ ಮೇಲೆ ಬರೆಯುತ್ತೇನೆ: ಎಷ್ಟು, ಯಾವಾಗ, ಯಾರು. ಮೂರು ನಿಮಿಷ ಯಾರೂ ಮಾತಾಡುವ ಹಾಗಿಲ್ಲ, ನಾನೂ ಸೇರಿ. ಚೀಟಿ ಒಟ್ಟು ಮಾಡಿ ಎಲ್ಲಕ್ಕಿಂತ ಕಡಿಮೆ ಬರೆದವರು, ಎಲ್ಲಕ್ಕಿಂತ ಜಾಸ್ತಿ ಬರೆದವರು ಇಬ್ಬರನ್ನೇ ಮೊದಲು ಮಾತಾಡಿಸುತ್ತೇನೆ. ಮಧ್ಯದಲ್ಲಿರುವವರ ಹತ್ತಿರ ಹೊಸ ವಿಷಯ ಇರುವುದು ಕಡಿಮೆ. ಸುಮ್ನೆ ಕೂರುವವರಿಗೂ ಬರೆದ ಮೇಲೆ ಹೇಳುವುದಕ್ಕೆ ಧೈರ್ಯ ಬರುತ್ತದೆ. ಕಂಪ್ಯೂಟರ್ ಮುಂದೆ ಕೂರುವ ಹುಡುಗಿ ಎರಡು ವರ್ಷದಲ್ಲಿ ಮೀಟಿಂಗ್‌ನಲ್ಲಿ ಬಾಯಿ ಬಿಟ್ಟವಳಲ್ಲ. ಮಳೆಗಾಲದಲ್ಲಿ ಕರೆಂಟು ಹೋದಾಗ ಕೌಂಟರ್ ನಿಲ್ಲುವುದಕ್ಕೆ ಏನು ಮಾಡೋಣ ಅಂತ ಕೇಳಿದಾಗ ನಾವೆಲ್ಲ ಜನರೇಟರ್ ಅಂತ ಬರೆದಿದ್ದೆವು. ಅವಳು ಬರೆದದ್ದು, "ಯುಪಿಎಸ್ ಬ್ಯಾಟರಿ ಸತ್ತು ಒಂದು ವರ್ಷ ಆಯ್ತು ಸರ್."

ಇದರ ಜೊತೆಗೆ ಸುಮ್ನೆ ತಿಳಿಸುವ ವಿಷಯಗಳನ್ನೆಲ್ಲ ಮೀಟಿಂಗ್‌ನಿಂದ ತೆಗೆದುಹಾಕಿದೆ. ರಜೆ ಪಟ್ಟಿ, ಸರ್ಕಾರಿ ಸುತ್ತೋಲೆ, ಸಾಲದ ಕಂತಿನ ಗಡುವು, ಇವನ್ನು ಗೋಡೆಗೆ ಅಂಟಿಸಿದರೆ ಆಯಿತು. ಮಾರಿಕಾಂಬಾ ಜಾತ್ರೆ ಬರುವುದೇ ಎರಡು ವರ್ಷಕ್ಕೊಮ್ಮೆ. ಆದರೂ ಆ ರಜೆ ಜಗಳ ಮಾತ್ರ ಗೋಡೆಗೆ ಅಂಟುವುದಿಲ್ಲ, ಅದು ಈಗಲೂ ಬಾಯಲ್ಲೇ.

ಆಡಳಿತ ಮಂಡಳಿ ಸಭೆಯಲ್ಲೂ ಚೀಟಿ ಕೊಟ್ಟು ನೋಡಿದೆ. "ನಾವೇನು ಪರೀಕ್ಷೆ ಬರೆಯೋಕೆ ಬಂದಿದ್ದಾ?" ಅಂದರು ಹಿರಿಯ ನಿರ್ದೇಶಕರೊಬ್ಬರು. ಅಲ್ಲಿ ಹಳೇ ಪದ್ಧತಿಯೇ: ಮಾತು, ಕಷಾಯ, ಠರಾವು. ನಾನೂ ಮತ್ತೆ ಹಟ ಮಾಡಲಿಲ್ಲ. ಆ ವಯಸ್ಸಿನವರಿಗೆ ಚೀಟಿ ಅಂದರೆ ಚುನಾವಣೆ ನೆನಪಾಗುತ್ತದೋ ಏನೋ.

ನಮ್ಮಲ್ಲೂ ತೊಂದರೆ ಇಲ್ಲದೇ ಇಲ್ಲ. ಒಂಬತ್ತೇ ಜನ, ಅಕ್ಷರ ನೋಡಿದರೆ ಯಾರದ್ದು ಅಂತ ಗೊತ್ತಾಗುತ್ತದೆ. ಒಮ್ಮೆ ನನ್ನ ಬಗ್ಗೆಯೇ ಒಂದು ಚೀಟಿ ಬಂತು. ಒಂದು ವಾರ ಆ ಮನುಷ್ಯನ ಮುಖ ನೋಡುವುದಕ್ಕೆ ಕಷ್ಟವಾಯಿತು, ಅವನಿಗೂ ಹಾಗೇ ಆಗಿರಬೇಕು.

ಈ ಮೇನಲ್ಲಿ ಮತ್ತೆ ತುತ್ತದ ಪ್ರಶ್ನೆ. ಬೋರ್ಡಿನ ಮೇಲೆ "ಎಷ್ಟು?" ಅಂತ ಒಂದೇ ಪದ ಬರೆದು ಕೂತೆ. ಭಾವನ ಬಾಯಲ್ಲಿ ಎಂದಿನಂತೆ ಕವಳ. ಚೀಟಿ ಮೊಣಕಾಲ ಮೇಲಿಟ್ಟುಕೊಂಡು ಬರೆದರು, ಮಡಚಿ ನನ್ನ ಕೈಗೆ ಕೊಟ್ಟು ಬಾಗಿಲ ಕಡೆ ಕಣ್ಣಲ್ಲೇ ತೋರಿಸಿದರು. ಬಿಚ್ಚಿ ನೋಡಿದರೆ, "58. ಬೇಗ ಮುಗಿಸಿ, ಗೊಬ್ಬರದ ಲಾರಿ ಬಂದು ನಿಂತಿದೆ."