ಉಂಗುಷ್ಟ ಕಿತ್ತ ಚಪ್ಪಲಿ

ಬೆಳಿಗ್ಗೆ ಬಸ್ ಹಿಡಿಯೋ ಓಟದಲ್ಲಿ ಚಪ್ಪಲಿ ಉಂಗುಷ್ಟ ಕಿತ್ತುಹೋಯ್ತು. ಹೊಲಿಯೋರ ಮುಂದೆ ಒಂಟಿ ಕಾಲಲ್ಲಿ ನಿಂತಾಗ ನೆನಪಾಗಿದ್ದು, ನಂಬ್ತೀರೋ ಇಲ್ವೋ, ಜಪಾನಿನ ಸುಮೋ ಪೈಲ್ವಾನ್ ಹನಾಕಾಝೆ.

ಸುಮೋದಲ್ಲಿ ಚಪ್ಪಲಿ ನೋಡಿದ್ರೇ ಆಳಿನ ದರ್ಜೆ ಗೊತ್ತಾಗತ್ತೆ. ಒಟ್ಟು ಆರು ದರ್ಜೆ. ಕೆಳಗಿನ ಎರಡರಲ್ಲಿ ಇರೋರಿಗೆ ಗೇಟಾ ಅನ್ನೋ ಮರದ ಪಾದುಕೆಯೇ ಗತಿ. ಟಕ್ ಟಕ್ ಅಂತ ಸದ್ದು ಮಾಡ್ಕೊಂಡೇ ಓಡಾಡಬೇಕು. ಚಳಿಗಾಲದಲ್ಲೂ ಮೈಮೇಲೆ ಅದೇ ಯುಕಾತಾ ಅನ್ನೋ ತೆಳು ಹತ್ತಿಯ ನಿಲುವಂಗಿ. ಮೂರನೇ ಮೆಟ್ಟಿಲು, ಸಾಂದಾನ್‌ಮೆ, ಹತ್ತಿದ್ರೆ ಮಾತ್ರ ಸೆಟ್ಟಾ ಅನ್ನೋ ಚಪ್ಪಟೆ ಚಪ್ಪಲಿ. ಸೋತು ಕೆಳಗಿಳಿದ್ರೆ ಮತ್ತೆ ಟಕ್ ಟಕ್.

ಸಂಬಳ? ಅದು ಮೇಲಿನ ಎರಡು ದರ್ಜೆಯವರಿಗೆ ಮಾತ್ರ. ಉಳಿದವರಿಗೆ ಊಟ, ವಸತಿ, ಟೂರ್ನಿಗೊಮ್ಮೆ ಒಂದಿಷ್ಟು ಕೈಖರ್ಚು.

ಹನಾಕಾಝೆ 1986ರ ಮಾರ್ಚಲ್ಲಿ ಕಣಕ್ಕೆ ಇಳಿದಾಗ ವಯಸ್ಸು 15. ಬಿಟ್ಟಿದ್ದು 2022ರ ಜನವರಿಯಲ್ಲಿ, 51ಕ್ಕೆ. ಅಷ್ಟು ವರ್ಷದಲ್ಲಿ ಆತ ಮುಟ್ಟಿದ ಅತಿ ಎತ್ತರ ಅಂದ್ರೆ ಅದೇ ಸಾಂದಾನ್‌ಮೆ, ಚಪ್ಪಲಿ ಸಿಗೋ ಮೆಟ್ಟಿಲು. ಸಂಬಳದ ಮೆಟ್ಟಿಲು ಒಮ್ಮೆಯೂ ಸಿಗಲಿಲ್ಲ.

ಕೆಳದರ್ಜೆ ಕುಸ್ತಿ ಶುರುವಾಗೋದು ಬೆಳಿಗ್ಗೆಯೇ. ಸ್ಟೇಡಿಯಂ ತುಂಬೋದು ಮಧ್ಯಾಹ್ನದ ಮೇಲೆ. ಅಂದ್ರೆ ಮನುಷ್ಯ ಬಹುಪಾಲು ಖಾಲಿ ಕುರ್ಚಿಗಳ ಮುಂದೆಯೇ ಸೆಣಸಾಡಿದ್ದಾನೆ. ಐವತ್ತು ದಾಟಿದ ಮೇಲೂ, ಮಗನ ವಯಸ್ಸಿನ ಹುಡುಗರ ಎದುರು.

ಹಟ ಅನ್ನಬೇಕೋ, ಅಭ್ಯಾಸ ಅನ್ನಬೇಕೋ? ನನಗಂತೂ ಅಭ್ಯಾಸವೇ ಇರಬೇಕು ಅನ್ಸತ್ತೆ. ಹಟ ಅಷ್ಟು ವರ್ಷ ಬಾಳಿಕೆ ಬರಲ್ಲ.

"ಹೊಸದೇ ತಗೊಳ್ಳಿ ಸಾರ್, ಇದು ಇನ್ನು ತಡೆಯಲ್ಲ" ಅಂದ್ರು ಹೊಲಿಯೋರು.

ಇನ್ನೊಂದು ಹೊಲಿಗೆ ಹಾಕಿ ಅಂದೆ.